ಒಂದು ಬಟ್ಟಲಿಗೆ ಎಷ್ಟು ಮರಿ?

ತಪಸ್ಸುಕಾಲದ ಶುಕ್ರವಾರ ಸಂಜೆ ನಮ್ಮ ಧರ್ಮಕೇಂದ್ರದ ಬೀದಿಗಳಲ್ಲಿ ನಡೆದರೆ ಮನೆಮನೆಯಿಂದ ಮೀನುಸಾರಿನ ವಾಸನೆ ಬರುತ್ತದೆ. ಕಡಲಿಗೆ ದೂರವಾದ ಊರು ನಮ್ಮದು. ಬಂಗುಡೆ, ಭೂತಾಯಿ ನಮಗೆ ಐಸ್ ಪೆಟ್ಟಿಗೆಯಲ್ಲಿ ಬರುವ ನೆಂಟರಿದ್ದಂತೆ. ಕೆರೆಯ ಕಾಟ್ಲ, ರೋಹುಗಳೇ ಮನೆಯವರು. ಎರಡು ವರ್ಷದ ಹಿಂದೆ ಧರ್ಮೋಪದೇಶದ ತರಗತಿಯಲ್ಲಿ ಒಬ್ಬ ಹುಡುಗ ಎದ್ದು ನಿಂತು, "ಫಾದರ್, ಬೇಸಿಗೇಲಿ ನಮ್ಮೂರ ಕೆರೆ ಪೂರ್ತಿ ಒಣಗಿಹೋಗಿತ್ತು. ಆಮೇಲೆ ಅದರಲ್ಲಿ ಕಾಟ್ಲ ಮೀನು ಎಲ್ಲಿಂದ ಬಂತು?" ಎಂದು ಕೇಳಿದ. ನಾವು ತುಸು ತಡವರಿಸಿ, "ಮಳೆನೀರಿನ ಜೊತೆ ಬರುತ್ತದಪ್ಪಾ" ಎಂದು ಹೇಳಿ ಪಾಠ ಮುಂದುವರಿಸಿದೆವು. ಆ ಉತ್ತರ ತಪ್ಪು ಎಂಬುದು ನಮಗೆ ತಿಳಿದದ್ದು ಕಳೆದ ಜುಲೈಯಲ್ಲಿ, ತಮಿಳುನಾಡಿನ ಉಡುಮಲೈಪೇಟೆಯ ಬಳಿ ಒಂದು ರಾತ್ರಿ ನಿದ್ದೆಗೆಟ್ಟಾಗ.

ಗುರುಮಠದಲ್ಲಿ ನಮ್ಮ ಜೊತೆ ಓದಿದ ಗುರುಗಳೊಬ್ಬರು ಆ ಕಡೆ ಸೇವೆಯಲ್ಲಿದ್ದಾರೆ. ಅವರನ್ನು ನೋಡಲು ಚಾಮರಾಜನಗರದಿಂದ ಹೊರಟು, ದಿಂಬಂ ಘಾಟಿಯ 27 ತಿರುವುಗಳನ್ನು ಇಳಿದು, ಸತ್ಯಮಂಗಲ, ಕೊಯಮತ್ತೂರು, ಪೊಳ್ಳಾಚಿ ದಾಟಿ ಹೋದೆವು. ಹೋದ ಸಂಜೆಯೇ ಅವರು, "ನಿಮಗೆ ಇಲ್ಲಿ ಕನ್ನಡ ಮಾತಾಡುವವರೊಬ್ಬರನ್ನು ತೋರಿಸ್ತೇನೆ, ಬನ್ನಿ" ಎಂದು ಕರೆದುಕೊಂಡು ಹೋದದ್ದು ಒಂದು ಮೀನುಮರಿ ಉತ್ಪಾದನಾ ಕೇಂದ್ರಕ್ಕೆ. ಅಲ್ಲಿನ ಮ್ಯಾನೇಜರರಿಗೆ ನಮ್ಮಷ್ಟೇ ವಯಸ್ಸು. ಕೊಯಮತ್ತೂರು, ತಿರುಪ್ಪೂರು ಸೀಮೆಯಲ್ಲಿ ಕನ್ನಡ ಮನೆಮಾತಾದ ಕುಟುಂಬಗಳು ತಲೆತಲಾಂತರದಿಂದ ಇವೆ. ನೇಯ್ಗೆಯ ದೇವಾಂಗರು, ಬೇಸಾಯದ ಒಕ್ಕಲಿಗರು ಇವರಲ್ಲಿ ಹೆಚ್ಚು. ಈ ಮ್ಯಾನೇಜರರೂ ಅಂಥ ಒಂದು ಒಕ್ಕಲು ಮನೆಯವರು. ಓದಿದ್ದೆಲ್ಲ ತಮಿಳಿನಲ್ಲಿ, ಕನ್ನಡ ಅಕ್ಷರ ಗೊತ್ತಿಲ್ಲ, ಆದರೆ ಅಜ್ಜಿ ಕಲಿಸಿದ ಮಾತು ಬಾಯಲ್ಲಿ ಹಸಿಯಾಗಿದೆ. ತಮ್ಮ ಹೆಸರು, ಕೇಂದ್ರದ ಹೆಸರು ಬರೆಯಬಾರದೆಂದು ಕೇಳಿಕೊಂಡಿದ್ದಾರೆ. ಕಾರಣ ಮುಂದೆ ಓದುಗರಿಗೇ ತಿಳಿಯುತ್ತದೆ.

ಆ ಸೀಮೆಯ ಬಗ್ಗೆ ಎರಡು ಮಾತು. ಆನೈಮಲೆ ಬೆಟ್ಟಸಾಲಿನ ಬುಡದಲ್ಲಿ ಸಾಲಾಗಿ ಮೂರು ಜಲಾಶಯಗಳಿವೆ: ಪೊಳ್ಳಾಚಿಯ ಕಡೆ ಆಳಿಯಾರ್, ಉಡುಮಲೈಪೇಟೆಯ ಕಡೆ ತಿರುಮೂರ್ತಿ, ಅದರಾಚೆ ಅಮರಾವತಿ. ಆಳಿಯಾರ್ ಕೊಯಮತ್ತೂರು ಜಿಲ್ಲೆಗೆ ಸೇರಿದೆ. ಉಳಿದೆರಡು ತಿರುಪ್ಪೂರು ಜಿಲ್ಲೆಯವು. ಕೊಯಮತ್ತೂರು, ಈರೋಡು ಜಿಲ್ಲೆಗಳ ಭಾಗಗಳನ್ನು ಸೇರಿಸಿ 2009ರಲ್ಲಿ ಆದ ಜಿಲ್ಲೆ ಅದು. ಈ ಮೂರು ಅಣೆಕಟ್ಟುಗಳ ಆಸುಪಾಸಿನಲ್ಲೂ ಮೀನುಮರಿ ಸಾಕುವ ಕೊಳಗಳಿವೆ. ಅಣೆಕಟ್ಟಿನ ಕೆಳಗೆ ವರ್ಷವೆಲ್ಲ ತಿಳಿನೀರು ಸಿಗುವುದರಿಂದ ಇಂಥ ಕೇಂದ್ರಗಳು ಎಲ್ಲೆಡೆ ಅಣೆಕಟ್ಟಿನ ಮಗ್ಗುಲಲ್ಲೇ ಹುಟ್ಟಿಕೊಂಡಿವೆ. ನಮ್ಮ ರಾಜ್ಯದಲ್ಲೂ ಭದ್ರಾ ಜಲಾಶಯದ ಬಿ.ಆರ್.ಪಿ., ತುಂಗಭದ್ರಾ ಅಣೆಕಟ್ಟು, ಕೆ.ಆರ್.ಎಸ್. ಬಳಿ ಇರುವುದು ಇದೇ ಕಾರಣಕ್ಕೆ.

ಈಗ ಆ ಹುಡುಗನ ಪ್ರಶ್ನೆಗೆ ಬರೋಣ. ಕಾಟ್ಲ, ರೋಹು, ಮೃಗಾಲ್ ಎಂಬ ಮೂರು ಗೆಂಡೆ ಜಾತಿಯ ಮೀನುಗಳು ಮೂಲತಃ ಉತ್ತರದ ದೊಡ್ಡ ನದಿಗಳವು. ಮುಂಗಾರಿನಲ್ಲಿ ನದಿ ಉಕ್ಕಿ ಹರಿದಾಗ ಮಾತ್ರ ಅವು ತತ್ತಿ ಇಡುತ್ತವೆ. ಕೆರೆಯ ನಿಂತ ನೀರಿನಲ್ಲಿ ಹೆಣ್ಣು ಮೀನಿನ ಹೊಟ್ಟೆ ತುಂಬ ತತ್ತಿ ಬಲಿಯುತ್ತದೆ, ಗಂಡಿನಲ್ಲಿ ವೀರ್ಯ ತುಂಬುತ್ತದೆ, ಆದರೆ ತತ್ತಿ ಹೊರಗೆ ಬರುವುದಿಲ್ಲ. ಕಾಲ ಮೀರಿದರೆ ಅದು ದೇಹದಲ್ಲೇ ಕರಗಿಹೋಗುತ್ತದೆ. ಅಂದರೆ, ಓದುಗರೇ, ನಮ್ಮೂರ ಕೆರೆಯ ಕಾಟ್ಲ ಆ ಕೆರೆಯಲ್ಲಿ ಹುಟ್ಟಿದ್ದೇ ಅಲ್ಲ! ಯಾರೋ ಎಲ್ಲೋ ಮರಿ ಮಾಡಿಸಿ, ಎಣಿಸಿ, ಚೀಲದಲ್ಲಿ ತುಂಬಿ, ತಂದು ಬಿಟ್ಟದ್ದು. ಮಳೆನೀರಿನ ಜೊತೆ ಬರುವುದು ಕೊರವ, ಸೊಸಲೆಯಂಥ ಊರಮೀನುಗಳು ಮಾತ್ರ.

ಒಂದು ಕಾಲದಲ್ಲಿ ಈ ಮರಿಗಳನ್ನು ಉಕ್ಕುವ ನದಿಗಳಿಂದಲೇ ಸೋಸಿ ಹಿಡಿಯುತ್ತಿದ್ದರು. ಬಂಗಾಳ, ಒಡಿಶಾ ಕಡೆಯಿಂದ ರೈಲಿನಲ್ಲಿ ದಕ್ಷಿಣಕ್ಕೆ ತರುತ್ತಿದ್ದರು. ದಾರಿಯಲ್ಲಿ ಸತ್ತದ್ದೆಷ್ಟೋ, ಜೊತೆಗೆ ಬಂದ ಬೇಡದ ಜಾತಿಗಳೆಷ್ಟೋ. ಇದನ್ನು ಬದಲಿಸಿದವರು ಹೀರಾಲಾಲ್ ಚೌಧುರಿ ಎಂಬ ವಿಜ್ಞಾನಿ. ಒಡಿಶಾದ ಅಂಗುಲ್‌ನಲ್ಲಿ 1957ರ ಜುಲೈ 10ರಂದು ಅವರು ಸಹೋದ್ಯೋಗಿ ಕೆ.ಎಚ್. ಅಲಿಕುಂಞಿಯವರ ಜೊತೆ, ಒಂದು ಮೀನಿನ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ರಸವನ್ನು ಇನ್ನೊಂದು ಗೆಂಡೆ ಮೀನಿಗೆ ಚುಚ್ಚಿ, ನಿಂತ ನೀರಿನಲ್ಲೇ ತತ್ತಿ ಇಡಿಸಿದರು. ದೇಶದಲ್ಲಿ ಪ್ರತಿವರ್ಷ ಜುಲೈ 10ನ್ನು ಮೀನು ಕೃಷಿಕರ ದಿನವಾಗಿ ಆಚರಿಸುವುದು ಇದರ ನೆನಪಿಗೆ. ಅಮರಾವತಿ ಅಣೆಕಟ್ಟು ಕಟ್ಟಿದ್ದೂ ಅದೇ 1957ರಲ್ಲಿ ಎಂದು ಮ್ಯಾನೇಜರರು ಹೆಮ್ಮೆಯಿಂದ ಹೇಳಿದರು; ಒಂದಕ್ಕೊಂದು ಸಂಬಂಧವೇನೂ ಇಲ್ಲ, ಆದರೂ ಅವರಿಗೆ ಅದು ಮುಖ್ಯ.

ನಾವು ಹೋದ ಹೊತ್ತಿಗೆ ಸಂಜೆ ಆರು. ಬೆಟ್ಟದ ಕಡೆ ಮೋಡ ಕಟ್ಟಿ ಸಣ್ಣಗೆ ಹನಿಯುತ್ತಿತ್ತು. ಇಂಥ ತಂಪು ಸಂಜೆಯೇ ಚುಚ್ಚುಮದ್ದಿನ ಹೊತ್ತಂತೆ. ತಾಯಿಮೀನುಗಳ ಕೊಳಕ್ಕೆ ಎಳೆಬಲೆ ಹಾಕಿ ನಾಲ್ಕು ಜನ ನಿಧಾನವಾಗಿ ಎಳೆದರು. ಮ್ಯಾನೇಜರರು ಪ್ಯಾಂಟು ಮಡಚಿ ಎದೆಮಟ್ಟದ ನೀರಿಗಿಳಿದರು. ಒಂದೊಂದು ರೋಹುವನ್ನೂ ಮಗುವನ್ನು ಎತ್ತಿದಂತೆ ಎರಡು ಕೈಯಲ್ಲಿ ಎತ್ತಿ, ಹೊಟ್ಟೆ ಸವರಿ, "ಇದು ಆಗತ್ತೆ", "ಇದು ಇನ್ನೂ ಎಂಟು ದಿನ" ಎಂದು ಬೇರೆ ಮಾಡುತ್ತಿದ್ದರು. ಹೆಣ್ಣಿನ ಹೊಟ್ಟೆ ಮೆತ್ತಗೆ ಉಬ್ಬಿರಬೇಕು. ಗಂಡಿನ ಎದೆಯ ರೆಕ್ಕೆ ಬೆರಳಿಗೆ ಒರಟಾಗಿ ತಗಲಬೇಕು, ಹೊಟ್ಟೆಯನ್ನು ಮೆಲ್ಲಗೆ ಒತ್ತಿದರೆ ಹಾಲಿನಂಥ ದ್ರವ ಬರಬೇಕು. ಒಂದು ಹೆಣ್ಣಿಗೆ ಎರಡು ಗಂಡು. ಈ ಮೀನುಗಳಿಗೆ ಜನವರಿಯಿಂದಲೇ ತೌಡು, ಕಡಲೆಕಾಯಿ ಹಿಂಡಿ ಹಾಕಿ, ಕೊಳದ ನೀರು ಬದಲಿಸಿ, ಬಾಣಂತನಕ್ಕೆ ಸಿದ್ಧ ಮಾಡಿದಂತೆ ಸಿದ್ಧ ಮಾಡಿರುತ್ತಾರೆ. ಆ ಆರು ತಿಂಗಳು ಉಪಚಾರ ತಪ್ಪಿದರೆ ಜುಲೈಯಲ್ಲಿ ಯಾವ ಔಷಧವೂ ಕೆಲಸ ಮಾಡದು.

ಹಿಂದೆ ಮೀನು ಮಾರುಕಟ್ಟೆಗಳಲ್ಲಿ ತಲೆ ಒಡೆಸಿ, ಸಾಸಿವೆ ಕಾಳಿನಷ್ಟು ಗ್ರಂಥಿಯನ್ನು ತೆಗೆದು, ಆಲ್ಕೋಹಾಲಿನಲ್ಲಿ ಇಟ್ಟುಕೊಂಡು, ಬೇಕಾದಾಗ ಅರೆದು ಚುಚ್ಚುತ್ತಿದ್ದರು. ಹೆಣ್ಣಿಗೆ ಆರು ಗಂಟೆ ಅಂತರದಲ್ಲಿ ಎರಡು ಸಲ. 1990ರ ದಶಕದಿಂದ ಓವಾಪ್ರಿಮ್‌ನಂಥ ಸಿದ್ಧ ಔಷಧ ಬಂದಿದೆ. ಒಂದೇ ಸಲ ಸಾಕು. ಹೆಣ್ಣಿಗೆ ಕಿಲೋ ತೂಕಕ್ಕೆ ಅರ್ಧ ಮಿಲಿಗಿಂತ ಕಡಿಮೆ, ಗಂಡಿಗೆ ಅದರಲ್ಲೂ ಅರ್ಧ. ಮೀನಿನ ಕಣ್ಣಿಗೆ ಒದ್ದೆ ಬಟ್ಟೆ ಮುಚ್ಚಿ, ಸೂಜಿ ಚುಚ್ಚಿ, ದುಂಡನೆಯ ಸಿಮೆಂಟ್ ತೊಟ್ಟಿಗೆ ಬಿಟ್ಟರು. ಸುಮಾರು ಎಂಟು ಮೀಟರ್ ಅಗಲದ ತೊಟ್ಟಿ. ಗೋಡೆಯ ಸುತ್ತ ಓರೆಯಾಗಿ ಇಟ್ಟ ಕೊಳವೆಗಳಿಂದ ನೀರು ಚಿಮ್ಮಿ ಇಡೀ ತೊಟ್ಟಿ ಗಿರಗಿರನೆ ತಿರುಗುತ್ತದೆ. ಇದು ಚೀನಾದವರು ಕಂಡುಹಿಡಿದ ಕ್ರಮ. ಮೀನಿಗೆ ತಾನು ಉಕ್ಕುವ ನದಿಯಲ್ಲಿದ್ದೇನೆ ಎಂದು ಅನಿಸಬೇಕು, ಅಷ್ಟೇ. ಅದಕ್ಕೆ ಮಾಡುವ ಮೋಸ ಇದೊಂದೇ ಎಂದು ಅವರು ನಕ್ಕರು.

ಆಮೇಲೆ ಕಾಯುವುದು. ನಮ್ಮ ಸ್ನೇಹಿತ ಗುರುಗಳು ಒಂಬತ್ತಕ್ಕೆ ಹೊರಟುಹೋದರು. ನಾವು ಕುತೂಹಲಕ್ಕೆ ಉಳಿದೆವು. ಮ್ಯಾನೇಜರರ ಮನೆಯಿಂದ ರಾಗಿಮುದ್ದೆಯೂ ಕೀರೆ ಸೊಪ್ಪಿನ ಸಾರೂ ಬಂತು. (ಮೀನು ಬರಲಿಲ್ಲ. ಕೇಳಿದ್ದಕ್ಕೆ, ಈ ಮೂರು ತಿಂಗಳು ತಮ್ಮ ಮನೆಯಲ್ಲಿ ಮೀನು ತಿನ್ನುವುದಿಲ್ಲ ಎಂದರು. ಶಾಸ್ತ್ರವೇನೂ ಅಲ್ಲ, ಮನಸ್ಸು ಬರುವುದಿಲ್ಲವಂತೆ.) ರಾತ್ರಿ ಎರಡೂವರೆಗೆ ತೊಟ್ಟಿಯಲ್ಲಿ ಸದ್ದು ಶುರುವಾಯಿತು. ಗಂಡುಗಳು ಹೆಣ್ಣನ್ನು ಅಟ್ಟಿಸಿಕೊಂಡು ನೀರು ಹೊಡೆಯುವ ಸದ್ದು. ಟಾರ್ಚ್ ಬಿಟ್ಟು ನೋಡಿದರೆ ತಿರುಗುವ ನೀರಿನ ತುಂಬ ನೆನೆಸಿದ ಸಬ್ಬಕ್ಕಿ ಚೆಲ್ಲಿದಂತೆ ತತ್ತಿಗಳು! ಮ್ಯಾನೇಜರರು ಒಂದು ಲೋಟದಲ್ಲಿ ಎತ್ತಿ ಬೆಳಕಿಗೆ ಹಿಡಿದರು. ಗಾಜಿನಂತೆ ತಿಳಿಯಾಗಿರುವವು ಜೀವ ಹಿಡಿದವು. ಬೆಳ್ಳಗೆ ಮಂಕಾದವು ಕೆಟ್ಟವು. ಲೋಟದಲ್ಲಿ ಬಿಳಿಯವು ಕಡಿಮೆಯಿದ್ದವು. ಅವರ ಭುಜ ಸಡಿಲವಾದದ್ದನ್ನು ನಾವು ಆಗಲೇ ಗಮನಿಸಿದ್ದು.

ಒಂದು ಕಿಲೋ ತೂಕದ ರೋಹು ಸುಮಾರು ಎರಡು ಲಕ್ಷ ತತ್ತಿ ಇಡುತ್ತದೆ. ಮೂರು ಕಿಲೋ ತಾಯಿ ಎಂದರೆ ಆರು ಲಕ್ಷ. ಅಬ್ಬಾ ಎನ್ನುತ್ತೀರಲ್ಲವೇ? ಮುಂದೆ ಕೇಳಿ. ತತ್ತಿಗಳು ನೀರಿನ ಜೊತೆ ಹರಿದು ಪಕ್ಕದ ಮರಿತೊಟ್ಟಿ ಸೇರುತ್ತವೆ. ಅಲ್ಲಿ 14ರಿಂದ 18 ಗಂಟೆಗಳಲ್ಲಿ ಒಡೆದು ಮರಿ ಹೊರಬರುತ್ತದೆ. ಬಾಯಿ ಇರುವುದಿಲ್ಲ, ಹೊಟ್ಟೆಗೆ ಅಂಟಿಕೊಂಡ ಬುತ್ತಿಗಂಟಿನಿಂದಲೇ ಮೂರು ದಿನ ಬದುಕುತ್ತದೆ. ನಾಲ್ಕನೆಯ ದಿನ ಬುತ್ತಿ ಮುಗಿದು ಬಾಯಿ ಬಿಟ್ಟಾಗ ಅದನ್ನು ನರ್ಸರಿ ಕೊಳಕ್ಕೆ ಬಿಡಬೇಕು. ಅಲ್ಲಿ ಹದಿನೈದು ದಿನದಲ್ಲಿ ಒಂದಿಂಚು ಆಗುವಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ಸಾಯುತ್ತವೆ. ನೂರಕ್ಕೆ 30, 40 ಉಳಿದರೆ ಒಳ್ಳೆಯ ಮ್ಯಾನೇಜರ್. 50 ಉಳಿದರೆ ಅವನಿಗೆ ಸನ್ಮಾನ ಮಾಡಬಹುದು. ಅಲ್ಲಿಂದ ಎರಡು, ಮೂರು ತಿಂಗಳಲ್ಲಿ ಬೆರಳುದ್ದ ಬೆಳೆಯುವಷ್ಟರಲ್ಲಿ ಇನ್ನೂ ಮೂರನೆಯ ಒಂದು ಭಾಗ ಹೋಗಿರುತ್ತದೆ. ಆರು ಲಕ್ಷದಲ್ಲಿ ಕೊನೆಗೆ ಲಕ್ಷ ಕೈಸೇರುವುದೂ ಕಷ್ಟ.

ಕೊಲ್ಲುವುದು ಯಾರು? ನಾವು ಮಿಂಚುಳ್ಳಿ, ನೀರುಕಾಗೆ, ಬೆಳ್ಳಕ್ಕಿ ಎಂದುಕೊಂಡಿದ್ದೆವು. ಅವುಗಳ ಪಾಲು ಸ್ವಲ್ಪ. ಮೂರು ದಿನದ ಮರಿಗೆ ದೊಡ್ಡ ಶತ್ರು ನೀರಹುಳು. ನಾವು ಮಕ್ಕಳಾಗಿದ್ದಾಗ ಬಾಲಕ್ಕೆ ದಾರ ಕಟ್ಟಿ ಆಡುತ್ತಿದ್ದ ಏರೋಪ್ಲೇನ್ ಚಿಟ್ಟೆ ಇದೆಯಲ್ಲ, ಅದರ ಮರಿ ನೀರಿನಲ್ಲಿ ಬೆಳೆಯುತ್ತದೆ. ಅದು ಮೀನುಮರಿಯನ್ನು ಹಿಡಿದು ತಿನ್ನುವುದನ್ನು ನೋಡಿದರೆ ಚಿಟ್ಟೆಯ ಮೇಲಿನ ಪ್ರೀತಿ ಹೊರಟುಹೋಗುತ್ತದೆ. ಅದಕ್ಕೇ ಮರಿ ಬಿಡುವ ಮೊದಲು ಕೊಳವನ್ನು ಒಣಗಿಸುತ್ತಾರೆ, ಸುಣ್ಣ ಹಾಕುತ್ತಾರೆ. ಒಣಗಿಸಲಾಗದ ಕೊಳಕ್ಕೆ ಹಿಪ್ಪೆ ಹಿಂಡಿ ಹಾಕಿ ಕೊರವದಂಥ ಕಳ್ಳಮೀನುಗಳನ್ನು ತೆಗೆಯುತ್ತಾರೆ. ಸಗಣಿ ಕದಡಿ ನೀರು ಹಸಿರುಗಂದು ಬಣ್ಣಕ್ಕೆ ತಿರುಗುವವರೆಗೆ ಕಾಯುತ್ತಾರೆ. ಆ ಬಣ್ಣದಲ್ಲೇ ಮರಿಯ ಊಟವಾದ ಸೂಕ್ಷ್ಮಜೀವಿಗಳಿರುವುದು. ಕೊನೆಗೆ ಮರಿ ಬಿಡುವ ಹಿಂದಿನ ದಿನ ಎಣ್ಣೆಯನ್ನೂ ಸೋಪನ್ನೂ ಕಲಸಿ ನೀರಿನ ಮೇಲೆ ತೆಳ್ಳಗೆ ಹರಡುತ್ತಾರೆ. ಉಸಿರಿಗೆ ಮೇಲೆ ಬರುವ ಹುಳುಗಳು ಸಾಯುತ್ತವೆ. ಇದರಲ್ಲಿ ಒಂದು ಹೆಜ್ಜೆ ತಪ್ಪಿದರೂ ಲಕ್ಷಗಟ್ಟಲೆ ಹೋದಂತೆ. ತಪ್ಪಿದ್ದು ಯಾರಿಗೂ ಕಾಣುವುದಿಲ್ಲ. ಸತ್ತ ಮರಿ ತೇಲುವುದೂ ಇಲ್ಲ, ನಾರುವುದೂ ಇಲ್ಲ, ಅಷ್ಟು ಸಣ್ಣದು. ಹದಿನೈದು ದಿನದ ಮೇಲೆ ಬಲೆ ಎಳೆದಾಗಲೇ ಗೊತ್ತಾಗುವುದು.

ಕಾಣದ ಸಾವಿನ ಲೆಕ್ಕ ಇಡುವುದೇ ಈ ಉದ್ಯೋಗ ಎಂದು ನಮಗೆ ಅನಿಸಿದ್ದು ಇಲ್ಲಿ. ಬೆಳಗಿನ ಜಾವ ನಾಲ್ಕರ ಹೊತ್ತಿಗೆ ಚಹಾ ಕುಡಿಯುತ್ತಾ ಅವರು ತಮ್ಮ ಕತೆ ಹೇಳಿದರು.

ಓದಿದ್ದು ತೂತ್ತುಕುಡಿಯ ಮೀನುಗಾರಿಕೆ ಕಾಲೇಜಿನಲ್ಲಿ. 1977ರಲ್ಲಿ ಶುರುವಾದ ಕಾಲೇಜು ಅದು. (ದೇಶದ ಮೊದಲ ಮೀನುಗಾರಿಕೆ ಕಾಲೇಜು ನಮ್ಮ ಮಂಗಳೂರಿನದು, 1969ರದ್ದು. ಪಿ.ಯು.ಸಿ. ವಿಜ್ಞಾನ ಓದುವ ನಮ್ಮ ಮಕ್ಕಳಿಗೆ ಎಂಜಿನಿಯರಿಂಗ್ ಒಂದೇ ಕಣ್ಣಿಗೆ ಬೀಳುವುದು ನಮಗೆ ಬೇಸರದ ವಿಷಯ.) ಓದು ಮುಗಿಸಿ ಮೊದಲು ಸೇರಿದ್ದು ಬೇರೊಂದು ಜಿಲ್ಲೆಯ ಖಾಸಗಿ ಮರಿ ಕೇಂದ್ರಕ್ಕೆ. ಮರಿಗಳನ್ನು ಮಾರುವುದು ಸಾವಿರ, ಲಕ್ಷದ ಲೆಕ್ಕದಲ್ಲಿ. ಒಂದೊಂದಾಗಿ ಎಣಿಸಲು ಸಾಧ್ಯವೇ? ಅದಕ್ಕೆ ಒಂದು ಜಾಲರಿ ಬಟ್ಟಲು ಇರುತ್ತದೆ. ಒಂದು ಬಟ್ಟಲು ಎತ್ತಿ ಅದರಲ್ಲಿರುವ ಮರಿಗಳನ್ನು ಎಣಿಸುವುದು, ಆಮೇಲೆ ಬಟ್ಟಲುಗಳನ್ನು ಎಣಿಸುವುದು. ಲೋಕವೆಲ್ಲ ನಡೆಯುವುದು ಹೀಗೆಯೇ.

"ಆ ಮಾಲೀಕರು ಕೆಟ್ಟವರಲ್ಲ ಫಾದರ್," ಎಂದು ಅವರು ಶುರು ಮಾಡಿದರು. "ನನಗೆ ಎರಡು ವಿದ್ಯೆ ಕಲಿಸಿದರು. ಎಣಿಸೋ ಬಟ್ಟಲನ್ನ ಬಲೆಯ ಮೂಲೆಯಿಂದ ಒತ್ತೊತ್ತಾಗಿ ಎತ್ತಬೇಕು. ತುಂಬೋ ಬಟ್ಟಲನ್ನ ನಡುವಿನಿಂದ, ನೀರಿನ ಜೊತೆ ಎತ್ತಬೇಕು. ಕೊಳ್ಳೋನ ಕಣ್ಣಿಗೆ ಎರಡೂ ಒಂದೇ ಥರ ಕಾಣತ್ತೆ."

ಎರಡನೆಯದು ಇನ್ನೂ ಕೆಟ್ಟದ್ದು. ತೀರ ಎಳೆಯ ಮರಿಯಲ್ಲಿ ಕಾಟ್ಲ ಯಾವುದು, ಮೃಗಾಲ್ ಯಾವುದು ಎಂದು ಸಾಮಾನ್ಯರಿಗೆ ಗುರುತು ಸಿಗದು. ಬೇಗ ಬೆಳೆಯುವ ಕಾಟ್ಲಕ್ಕೆ ಬೇಡಿಕೆ ಹೆಚ್ಚು. ಕಾಟ್ಲ ಕಡಿಮೆ ಬಿದ್ದಾಗ ಇನ್ನೊಂದನ್ನು ಬೆರೆಸಿದರೆ ಕೊಂಡವನಿಗೆ ತಿಳಿಯುವುದು ನಾಲ್ಕೈದು ತಿಂಗಳ ಮೇಲೆ. ಅಷ್ಟರಲ್ಲಿ ಕೆರೆಯಲ್ಲಿ ಸತ್ತಿತು, ಹಕ್ಕಿ ತಿಂದಿತು, ಕೋಡಿ ಹರಿದಾಗ ಹೋಯಿತು ಎನ್ನಲು ನೂರು ನೆಪ. ಒಂದು ಹಂಗಾಮು ಪೂರ್ತಿ ತಾವೂ ಹಾಗೆಯೇ ಮಾಡಿದ್ದಾಗಿ ಅವರು ನಮ್ಮ ಮುಖ ನೋಡದೆ ಹೇಳಿದರು.

ಮರುವರ್ಷ ಒಂದು ಮಹಿಳಾ ಸ್ವಸಹಾಯ ಸಂಘದ ಐದಾರು ಹೆಂಗಸರು ಕೇಂದ್ರಕ್ಕೆ ಬಂದರು. ಊರ ಕೆರೆಯನ್ನು ಗುತ್ತಿಗೆ ಹಿಡಿದು, ಇವರಿಂದ 20 ಸಾವಿರ ಮರಿ ಕೊಂಡು ಬಿಟ್ಟಿದ್ದರು. ಕೆರೆ ಹಿಡಿದಾಗ ಸಿಕ್ಕಿದ್ದು ನಿರೀಕ್ಷೆಯ ಕಾಲುಭಾಗವೂ ಅಲ್ಲ. ಅದರಲ್ಲಿ ಕಾಟ್ಲ ಬೆರಳೆಣಿಕೆಯಷ್ಟು. ಸಾಲದ ಕಂತು ಕಟ್ಟಲು ಒಬ್ಬರು ಕಿವಿಯೋಲೆ ಮಾರಿದ್ದರು. ಅವರು ಜಗಳಕ್ಕೆ ಬಂದಿರಲಿಲ್ಲ. ಮುಂದಿನ ಸಲ ತಾವು ಏನು ಸರಿಪಡಿಸಿಕೊಳ್ಳಬೇಕು, ಮೇವು ಕಡಿಮೆಯಾಯಿತೇ, ನೀರು ಕೆಟ್ಟಿತೇ ಎಂದು ಕೇಳಿ ತಿಳಿಯಲು ನೋಟ್‌ಬುಕ್ ಹಿಡಿದು ಬಂದಿದ್ದರು. ಎಲ್ಲ ಕೇಳಿಕೊಂಡು ಹೊರಡುವಾಗ ಅವರಲ್ಲಿ ಹಿರಿಯಾಕೆ ತಮಿಳಿನಲ್ಲಿ, "ತಂಬಿ, ಮರಿಯನ್ನು ನೀನೇ ಎಣಿಸಿ ಕೊಟ್ಟದ್ದು ಅಲ್ಲವಾ?" ಎಂದರಂತೆ. ಅನುಮಾನದಿಂದ ಕೇಳಿದ್ದಲ್ಲ, ನೀನು ಎಣಿಸಿದ್ದರಿಂದ ಲೆಕ್ಕ ಸರಿಯಾಗಿಯೇ ಇರಬೇಕು, ತಪ್ಪು ನಮ್ಮದೇ ಎಂಬ ನಂಬಿಕೆಯಿಂದ.

"ಹೌದಕ್ಕಾ ಅಂದೆ ಫಾದರ್. ಆ ತಿಂಗಳ ಸಂಬಳ ತಗೊಂಡು ಬಿಟ್ಟುಬಂದೆ."

ನಾವು ಗುರುಗಳು, ಇಂಥ ಮಾತುಗಳನ್ನು ಕೇಳುವುದು ನಮಗೆ ಹೊಸತಲ್ಲ. ಆದರೆ ಅಂದು ಹೇಳಲು ನಮಗೇನೂ ತೋಚಲಿಲ್ಲ. ಆ ಹೆಂಗಸರ ಹಣ ಹಿಂದಿರುಗಿಸಿದಿರಾ ಎಂದು ಮಾತ್ರ ಕೇಳಿದೆವು. ಎರಡು ವರ್ಷದ ಮೇಲೆ ತಮ್ಮ ಕೈಯಿಂದ 20 ಸಾವಿರ ಮರಿ ಒಯ್ದು ಅವರ ಕೆರೆಗೆ ಬಿಟ್ಟರಂತೆ, ನಿಜ ಹೇಳಿದರಂತೆ. ಹಿರಿಯಾಕೆ ಅಷ್ಟರಲ್ಲಿ ತೀರಿಕೊಂಡಿದ್ದರು. ಉಳಿದವರು ಮರಿಯನ್ನು ತೆಗೆದುಕೊಂಡರು; ಊಟ ಹಾಕಲಿಲ್ಲ. ಅದು ಸರಿಯೇ ಎಂದರು.

ಸಂತ ಯೊವಾನ್ನರ ಶುಭಸಂದೇಶದ ಕೊನೆಯಲ್ಲಿ ತಿಬೇರಿಯ ಸರೋವರದ ದಡಕ್ಕೆ ಪೇತ್ರನು ಎಳೆದು ತಂದ ಬಲೆಯಲ್ಲಿ 153 ಮೀನುಗಳಿದ್ದವು ಎಂದಿದೆ. ಈ ಸಂಖ್ಯೆಗೆ ಪಂಡಿತರು ಏನೇನೋ ಅರ್ಥ ಹೇಳುತ್ತಾರೆ. ಗುರುಮಠದಲ್ಲಿ ನಾವೂ ಪುಟಗಟ್ಟಲೆ ಬರೆದಿದ್ದೇವೆ. ಅಂದು ಬೆಳಗಿನ ಜಾವ ನಮಗೆ ಹೊಳೆದದ್ದು ಒಂದೇ: ಅಂಥ ಗಳಿಗೆಯಲ್ಲೂ ಯಾರೋ ಕೂತು ಒಂದೊಂದೇ ಮೀನು ಎಣಿಸಿದ್ದಾರೆ.

ಈಗಿನ ಕೇಂದ್ರಕ್ಕೆ ಅವರು ಬಂದು ಹದಿನೈದು ವರ್ಷಗಳ ಮೇಲಾಯಿತು. 2012ರಲ್ಲಿ ಕೊಯಮತ್ತೂರು ಸೀಮೆಯಲ್ಲಿ ವಿದ್ಯುತ್ ಅಭಾವ ಎಷ್ಟಿತ್ತೆಂದರೆ ದಿನಕ್ಕೆ ಹತ್ತು ಗಂಟೆಗೂ ಹೆಚ್ಚು ಕರೆಂಟ್ ಇರುತ್ತಿರಲಿಲ್ಲ. ಆ ಹಂಗಾಮಿನ ಒಂದು ರಾತ್ರಿ ಜನರೇಟರೂ ಕೈಕೊಟ್ಟಿತು. ಮೇಲಿನ ಟ್ಯಾಂಕು ಬರಿದಾಗುತ್ತ ಬಂತು. ಮರಿತೊಟ್ಟಿಯಲ್ಲಿ ನೀರು ತಿರುಗುವುದು ನಿಂತರೆ ಮರಿಗಳೆಲ್ಲ ತಳಕ್ಕೆ ಕುಳಿತು ಒಂದರ ಮೇಲೊಂದು ಬಿದ್ದು ಉಸಿರುಗಟ್ಟುತ್ತವೆ. ಮನೆಯಿಂದ ಹೆಂಡತಿಯನ್ನೂ ಎಬ್ಬಿಸಿಕೊಂಡು ಬಂದು, ಇಬ್ಬರು ಆಳುಗಳ ಜೊತೆ ನಾಲ್ವರೂ ಬೆಳಗಿನವರೆಗೆ ಬಕೆಟ್ಟಿನಲ್ಲಿ ನೀರು ಎತ್ತಿ ಹಾಕಿದರು. ಎರಡು ತೊಟ್ಟಿಯಲ್ಲಿ ಒಂದು ಉಳಿಯಿತು. ಹೋದ ತೊಟ್ಟಿಯ ಮರಿಗೆ ಮುಂಗಡ ಕೊಟ್ಟಿದ್ದ ರೈತರಿಗೆ ಅಂದೇ ಫೋನ್ ಮಾಡಿ, "ನಿಮ್ಮ ಮರಿ ಸತ್ತುಹೋಯಿತು" ಎಂದು ಹೇಳಿದರು. ಇಬ್ಬರು ಮುಂಗಡ ವಾಪಸ್ ಕೇಳಿದರು, ಉಳಿದವರು ಕಾದರು. "ಇವರು ಸಂಬಳ ತರೋದಕ್ಕಿಂತ ಬೈಗುಳ ತರೋದೇ ಹೆಚ್ಚು" ಎಂದು ಅವರ ಮನೆಯಾಕೆ ಬೆಳಿಗ್ಗೆ ನಮ್ಮೆದುರೇ ಹೇಳಿದರು. ಮದುವೆಯಾದ ಮೇಲೆ ಒಂದು ಆಷಾಢಕ್ಕೂ ತವರಿಗೆ ಹೋಗಿಲ್ಲವಂತೆ. ಎಲ್ಲರ ಮನೆ ಹೆಣ್ಣುಮಕ್ಕಳು ತವರಿಗೆ ಹೋಗುವ ತಿಂಗಳು ಇವರ ಮನೆಯಲ್ಲಿ ಬಾಣಂತನದ ತಿಂಗಳು.

ಮರಿ ಮಾಡಿದರೆ ಮುಗಿಯಲಿಲ್ಲ, ಎಲ್ಲಿಗೆ ಬಿಡುವುದು ಎಂಬುದೂ ಮ್ಯಾನೇಜರನ ತಲೆನೋವು. ಅಮರಾವತಿ ಜಲಾಶಯದಲ್ಲಿ ಬಹುಕಾಲ ಮೇಲುಗೈಯಾಗಿದ್ದುದು ತಿಲಾಪಿಯ, ಜನರ ಬಾಯಲ್ಲಿ ಜಿಲೇಬಿ ಮೀನು. ಆಫ್ರಿಕಾ ಮೂಲದ ಇದನ್ನು 1952ರಲ್ಲಿ ದೇಶಕ್ಕೆ ತಂದರು. ಅದಕ್ಕೆ ಚುಚ್ಚುಮದ್ದೂ ಬೇಡ, ಮ್ಯಾನೇಜರನೂ ಬೇಡ. ತಾಯಿ ಬಾಯಲ್ಲೇ ಮೊಟ್ಟೆ ಇಟ್ಟುಕೊಂಡು ಮರಿ ಮಾಡುತ್ತದೆ. ಅದರ ಎದುರು ಕಣ್ಣು ಬಿಡದ ಪುಟ್ಟ ಗೆಂಡೆಮರಿ ಬಿಟ್ಟರೆ ಏನೂ ಉಳಿಯದು. ಆ ಜಲಾಶಯದಲ್ಲಿ ಮೊಸಳೆಗಳೂ ಇವೆ. ಆಳಿಯಾರ್ ಜಲಾಶಯದಲ್ಲಿ 1980ರ ದಶಕದಲ್ಲಿ ವಿಜ್ಞಾನಿಗಳು ಮಾಡಿ ತೋರಿಸಿದ್ದು ಇದನ್ನೇ: ಎಳೆಮರಿ ಲಕ್ಷಗಟ್ಟಲೆ ಸುರಿಯುವ ಬದಲು ಬೆರಳುದ್ದಕ್ಕಿಂತ ದೊಡ್ಡ ಮರಿಯನ್ನು ಹದವಾಗಿ ಬಿಡಿ, ಸಣ್ಣ ಕಣ್ಣಿನ ಬಲೆ ಹಾಕಬೇಡಿ. ಇಳುವರಿ ಹಲವು ಪಟ್ಟು ಏರಿತು. ಆದರೂ "ಇಷ್ಟು ಲಕ್ಷ ಮರಿ ಬಿಡಲಾಯಿತು" ಎಂಬ ದೊಡ್ಡ ಅಂಕಿ ಪತ್ರಿಕೆಯಲ್ಲಿ ಚೆನ್ನಾಗಿ ಕಾಣುತ್ತದೆ. ಎಷ್ಟು ಉಳಿಯಿತು ಎಂದು ಯಾರೂ ಫೋಟೋ ತೆಗೆಸಿಕೊಳ್ಳುವುದಿಲ್ಲ.

ಇನ್ನು ಕೆಲವು ನೀರಿಗೆ ಯಾವ ಮರಿಯನ್ನೂ ಬಿಡಲಾಗದು. ನೊಯ್ಯಲ್ ನದಿಗೆ ಒರತ್ತುಪಾಳೆಯದಲ್ಲಿ 1992ರಲ್ಲಿ ಬೇಸಾಯಕ್ಕೆಂದು ಅಣೆಕಟ್ಟು ಕಟ್ಟಿದರು. ಅದು ತಿರುಪ್ಪೂರಿನ ಬನಿಯನ್ ಬಟ್ಟೆಗಳ ಬಣ್ಣದ ನೀರಿನ ಗುಂಡಿಯಾಯಿತು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಏಳುನೂರಕ್ಕೂ ಹೆಚ್ಚು ಬಣ್ಣದ ಘಟಕಗಳನ್ನು ಮುಚ್ಚಿಸಿ, ಕೊಳಕು ನೀರು ಒಂದು ಹನಿಯೂ ಹೊರಬಿಡದಂತೆ ಮಾಡಿಕೊಂಡ ಮೇಲೆಯೇ ತೆರೆಯಬೇಕೆಂದಿತು. ನಮ್ಮ ಮನೆಗಳ ಮಕ್ಕಳು ತೊಡುವ ಬಣ್ಣಬಣ್ಣದ ಟೀ ಶರ್ಟುಗಳೂ ಆ ಊರಿನವೇ. ಈ ವಿಷಯ ಇನ್ನೊಂದು ಲೇಖನಕ್ಕೇ ಆಗುವಷ್ಟಿದೆ.

ಐದು ಗಂಟೆಗೆ ಧಾರಾಪುರದ ಕಡೆಯ ರೈತರೊಬ್ಬರು ಟೆಂಪೋದಲ್ಲಿ ಬಂದರು. ಬಿಸಿಲೇರುವ ಮೊದಲು ಮರಿ ಊರು ತಲುಪಬೇಕು. ಅವರಿಗೆ ಬೇಕಿದ್ದದ್ದು 10 ಸಾವಿರ, ಒಂದಿಂಚಿನ ರೋಹು. ಹಿಂದಿನ ದಿನವೇ ಮರಿಗಳನ್ನು ಹಿಡಿದು, ಮೇವು ಹಾಕದೆ, ಬಟ್ಟೆಯ ತೊಟ್ಟಿಲಿನಲ್ಲಿ ನೀರಿಗೆ ಇಳಿಬಿಟ್ಟಿದ್ದರು. ಹೊಟ್ಟೆ ಖಾಲಿಯಿದ್ದರೆ ದಾರಿಯಲ್ಲಿ ಚೀಲದ ನೀರು ಕೆಡುವುದಿಲ್ಲ. ಪಾಲಿಥಿನ್ ಚೀಲಕ್ಕೆ ಮೂರನೆಯ ಒಂದು ಭಾಗ ನೀರು, ಉಳಿದದ್ದು ಸಿಲಿಂಡರಿನಿಂದ ಆಮ್ಲಜನಕ. ಬಟ್ಟಲಿಗೆ 500ರ ಅಂದಾಜಿನಲ್ಲಿ 20 ಬಟ್ಟಲುಗಳನ್ನು ಸಾಲಾಗಿ ನೀರಿನ ಬೋಗುಣಿಗಳಲ್ಲಿ ಇಟ್ಟರು. ಆಮೇಲೆ ಮ್ಯಾನೇಜರರು ರೈತರಿಗೆ, "ಯಾವುದು ಬೇಕೋ ನೀವೇ ತೋರಿಸಿ" ಎಂದರು. ಎಣಿಸುವ ಬಟ್ಟಲನ್ನು ಆರಿಸುವುದು ಇಲ್ಲಿ ಕೊಳ್ಳುವವನ ಹಕ್ಕು. ರೈತರು ಸಾಲಿನುದ್ದಕ್ಕೂ ನಡೆದು, ಹಿಂದೆ ಬಂದು, ಹದಿಮೂರನೆಯದನ್ನು ತೋರಿಸಿದರು.

ಇಬ್ಬರೂ ಬೋಗುಣಿಯ ಎರಡು ಕಡೆ ಕುಕ್ಕರಗಾಲಲ್ಲಿ ಕುಳಿತರು. ಮ್ಯಾನೇಜರರು ಪುಟ್ಟ ಚಿಪ್ಪಿನಿಂದ ಐದೈದು ಮರಿಗಳನ್ನು ಒಂದು ಬೋಗುಣಿಯಿಂದ ಇನ್ನೊಂದಕ್ಕೆ ದಾಟಿಸುತ್ತಾ ಹೋದರು. ರೈತರು ಗಟ್ಟಿಯಾಗಿ ತಮಿಳಿನಲ್ಲಿ ಎಣಿಸುತ್ತಿದ್ದರು. ಮ್ಯಾನೇಜರರ ತುಟಿಯೂ ಆಡುತ್ತಿತ್ತು. ಬಾಗಿ ಕೇಳಿದರೆ ಅವರು ಎಣಿಸುತ್ತಿದ್ದದ್ದು ಕನ್ನಡದಲ್ಲಿ. ಅಜ್ಜಿ ಕಲಿಸಿದ್ದು ಹಾಗೆ, ಬೇರೆ ಭಾಷೆಯಲ್ಲಿ ಎಣಿಸಿದರೆ ತಪ್ಪುತ್ತದೆ ಎಂದು ಆಮೇಲೆ ಹೇಳಿದರು. ನೂರು, ಇನ್ನೂರು, ಮುನ್ನೂರು. ನಡುವೆ ಒಂದು ಮಿಂಚುಳ್ಳಿ ಕೂಗಿತು, ಯಾರೂ ತಲೆಯೆತ್ತಲಿಲ್ಲ. ನಾನೂರಾ ಅರವತ್ತರ ಮೇಲೆ ಚಿಪ್ಪಿಗೆ ಸಿಕ್ಕಿದ್ದು ಮೂರೇ ಮರಿ. ಎರಡು ಭಾಷೆಯ ಲೆಕ್ಕವೂ 463ಕ್ಕೆ ನಿಂತಿತು.

ಬಟ್ಟಲಿಗೆ 37 ಕಡಿಮೆ. 20 ಬಟ್ಟಲಿಗೆ 740. ರೈತರು "ಪರವಾಗಿಲ್ಲ, ಬಿಡಿ" ಎನ್ನುವಷ್ಟರಲ್ಲಿ ಮ್ಯಾನೇಜರರು ಎದ್ದು, ಬಲೆಯ ಬಳಿ ಹೋಗಿ, ಇನ್ನೂ ಎರಡು ಬಟ್ಟಲು ತುಂಬಿ ತಂದು ಚೀಲಕ್ಕೆ ಸುರಿದರು. ಊರು ಮುಟ್ಟಿದ ಮೇಲೆ ಚೀಲವನ್ನು ಕೂಡಲೇ ಬಿಚ್ಚಬೇಡಿ, ಕಾಲು ಗಂಟೆ ಕೆರೆಯ ಮೇಲೆ ತೇಲಲು ಬಿಡಿ, ನೀರಿಗೆ ನೀರು ಹೊಂದಲಿ ಎಂದು ಎರಡು ಸಲ ಹೇಳಿದರು. ಟೆಂಪೋ ಹೊರಟ ಮೇಲೆ ಗೋಡೆಗೆ ನೇತುಹಾಕಿದ್ದ ನೋಟ್‌ಬುಕ್ ತೆಗೆದು ತಮಿಳಿನಲ್ಲಿ ಬರೆದುಕೊಂಡರು: ತಾರೀಕು, ಊರು, ರೋಹು, 22 ಬಟ್ಟಲು, ಬಟ್ಟಲಿಗೆ 463.